ಇಪ್ಪತ್ತು ಮಿಲಿಮೀಟರಿನ ಆಸೆ

2023ರ ಜುಲೈ ಕೊನೆಯ ವಾರ, ಮೂಡಿಗೆರೆಯಿಂದ ಕೊಟ್ಟಿಗೆಹಾರಕ್ಕೆ ಹೋಗುವ ದಾರಿಯ ಒಂದು ತಿರುವಿನಲ್ಲಿ ನನ್ನ ಕಾರಿನ ಹಿಂಭಾಗ ನನ್ನನ್ನೇ ಹಿಂದಿಕ್ಕಲು ನೋಡಿತು. ವೇಗ ಹೆಚ್ಚೇನೂ ಇರಲಿಲ್ಲ. ಮೈಲಿಯಲ್ಲಿ ಲೆಕ್ಕ ಹೇಳುವ ಆ ಸ್ಪೀಡೋಮೀಟರಿನ ಮುಳ್ಳು 20 ದಾಟಿ ಒಂದಿಷ್ಟು ಮುಂದಿತ್ತು. ನಮ್ಮ ಲೆಕ್ಕದಲ್ಲಿ ಗಂಟೆಗೆ 35 ಕಿಲೋಮೀಟರ್. ಮೇಲಿನ ತೋಟದಿಂದ ಕೊಚ್ಚಿಕೊಂಡು ಬಂದ ಕೆಮ್ಮಣ್ಣು, ಅದರ ಮೇಲೆ ಸಿಲ್ವರ್ ಓಕ್ ಎಲೆ, ಅದರ ಮೇಲೆ ಬೆಳಗಿನಿಂದ ಬಿಡದೆ ಹಿಡಿದ ಮಳೆ. ಸ್ಟೀರಿಂಗನ್ನು ಬಲಕ್ಕೆ ತಿರುಗಿಸಿದೆ, ಮೂತಿ ಬಲಕ್ಕೆ ಹೋಯಿತು, ಬಾಲ ಎಡಕ್ಕೆ ಹೊರಟಿತು. ಆಮೇಲೆ ನಾನು ಏನು ಮಾಡಿದೆ ಎಂಬುದು ನೆನಪಿಲ್ಲ. ನೆನಪಿರುವುದು ಆ ನಿಶ್ಶಬ್ದ. ಟೈರ್ ಜಾರಿದರೆ ಕಿರುಚುತ್ತದೆ ಎಂದು ಸಿನಿಮಾ ನೋಡಿ ನಂಬಿದ್ದವನಿಗೆ ಅದು ಬೆಣ್ಣೆಯ ಮೇಲೆ ಚಾಕು ಹೋದ ಹಾಗೆ ಹೋಗುತ್ತದೆ ಎಂದು ಗೊತ್ತಾದದ್ದು ಅಂದೇ. ಕಾರು ರಸ್ತೆಗೆ ಅಡ್ಡಲಾಗಿ ನಿಂತಾಗ ಹಿಂದಿನ ಎಡ ಚಕ್ರಕ್ಕೂ ಚರಂಡಿಗೂ ಒಂದು ಗೇಣು ಉಳಿದಿತ್ತು.

ಅರ್ಧ ನಿಮಿಷದಲ್ಲಿ ಎದುರಿನಿಂದ ಬಸ್ಸೊಂದು ಬಂದು ನಿಂತಿತು. ಚಾಲಕರು ಕೊಡೆ ಬಿಚ್ಚಿಕೊಂಡು ಇಳಿದರು. ನನಗೇನಾದರೂ ಆಯಿತೇ ಎಂದು ಕೇಳಲಿಲ್ಲ. ನೇರವಾಗಿ ಹಿಂದಿನ ಚಕ್ರದ ಹತ್ತಿರ ಹೋಗಿ, ಬಗ್ಗಿ, ಹೆಬ್ಬೆರಳಿಗೂ ಕಿರುಬೆರಳಿಗೂ ನಡುವೆ ಟೈರಿನ ಅಗಲ ಅಳೆದು, "ಇಷ್ಟು ಸಣ್ಣ ಟೈರ್ ಹಾಕಿಕೊಂಡು ಈ ಕಡೆ ಬರುತ್ತಾರೆಯೇ ಸಾರ್?" ಎಂದರು. ಹಿಂದೆ ಕಿಟಕಿಯಿಂದ ಇಣುಕುತ್ತಿದ್ದ ಪ್ರಯಾಣಿಕರಲ್ಲಿ ಇಬ್ಬರು ಮೂವರು ಹೌದೆಂದು ತಲೆಯಾಡಿಸಿದರು. ತೀರ್ಪು ಅಲ್ಲಿಯೇ, ಮಳೆಯಲ್ಲಿಯೇ, ಸರ್ವಾನುಮತದಿಂದ ಆಗಿಹೋಯಿತು. ನಾನೂ ಅದಕ್ಕೆ ಸಹಿ ಹಾಕಿದೆ. ಮುಂದಿನ ಆರು ತಿಂಗಳು ನನ್ನ ತಲೆಯಲ್ಲಿ ಓಡಿದ್ದೆಲ್ಲ ಅಗಲದ ವಿಚಾರವೇ.

ದೊಡ್ಡಪ್ಪನ ಗಾಡಿ

ಕಾರು 1967ರ ಎಂಜಿಬಿ ಜಿಟಿ, ಇಂಗ್ಲೆಂಡಿನ ಸ್ಪೋರ್ಟ್ಸ್ ಕಾರು. ಇಂಗ್ಲೆಂಡಿನಲ್ಲಿ ಓದಿ ಮರಳಿದ ವೈದ್ಯರೊಬ್ಬರು ಹಡಗಿನಲ್ಲಿ ಮದರಾಸಿಗೆ ತಂದಿದ್ದು, ಎಪ್ಪತ್ತರ ದಶಕದಲ್ಲಿ ಮೂಡಿಗೆರೆ ಸೀಮೆಯ ಕಾಫಿ ತೋಟದಲ್ಲಿದ್ದ ನನ್ನ ದೊಡ್ಡಪ್ಪನ ಕೈಗೆ ಬಂತು. ಆ ಕಾಲದಲ್ಲಿ ತೋಟದವರಿಗೆ ಇಂತಹ ಹುಚ್ಚುಗಳು ಸಹಜ. ಒಬ್ಬರಿಗೆ ನಾಯಿ, ಒಬ್ಬರಿಗೆ ಬಂದೂಕು, ನಮ್ಮವರಿಗೆ ಇದು. ಎರಡು ಕಾರ್ಬ್ಯುರೇಟರ್, 1798 ಸಿಸಿ, ಎತ್ತಿದರೆ ತೆರೆದುಕೊಳ್ಳುವ ಹಿಂಬಾಗಿಲು. ಹೆಸರಿಗೆ ಸ್ಪೋರ್ಟ್ಸ್ ಕಾರಾದರೂ ದೊಡ್ಡಪ್ಪ ಅದರಲ್ಲಿ ಮೆಣಸಿನ ಚೀಲ ಸಾಗಿಸಿದ್ದೇ ಹೆಚ್ಚು. ಇವು ಅಪರೂಪದ ಕಾರುಗಳಲ್ಲ. 1962ರಿಂದ 1980ರವರೆಗೆ ತೆರೆದ ಮಾದರಿಯೂ ಸೇರಿ 5 ಲಕ್ಷಕ್ಕೂ ಹೆಚ್ಚು ಎಂಜಿಬಿಗಳು ತಯಾರಾಗಿವೆ. ಹಾಸನದಲ್ಲಿ ಮಾತ್ರ, ನನಗೆ ಗೊತ್ತಿರುವಂತೆ, ಇದೊಂದೇ. ಹಾಗಾಗಿ ಇದರ ಬಗ್ಗೆ ಊರಿನವರೆಲ್ಲರೂ ತಜ್ಞರು.

ಚಕ್ರಗಳ ವಿಷಯ ಸ್ವಲ್ಪ ಹೇಳಬೇಕು, ಯಾಕೆಂದರೆ ಮುಂದಿನ ಗೋಳೆಲ್ಲ ಅಲ್ಲಿಂದಲೇ. ಸೈಕಲ್ಲಿನ ಹಾಗೆ ಕಡ್ಡಿಗಳಿರುವ, 14 ಅಂಗುಲ ವ್ಯಾಸದ, ನಾಲ್ಕೂವರೆ ಅಂಗುಲ ಅಗಲದ ಚಕ್ರಗಳು. ನಟ್ಟು ಬೋಲ್ಟುಗಳಿಲ್ಲ. ನಡುವೆ ಒಂದೇ ಒಂದು ದೊಡ್ಡ ಬಿರಡೆ. ತಾಮ್ರದ ಸುತ್ತಿಗೆಯಿಂದ ಹೊಡೆದು ಬಿಗಿಯಬೇಕು, ಹೊಡೆದೇ ಬಿಚ್ಚಬೇಕು. ಎಡಗಡೆಯ ತಿರುಪಿನ ಮರೆ ಒಂದು ದಿಕ್ಕಿಗಾದರೆ ಬಲಗಡೆಯದು ವಿರುದ್ಧ ದಿಕ್ಕಿಗೆ. ಕಡ್ಡಿಗಳ ಬುಡ ರಿಮ್ಮನ್ನು ತೂತು ಮಾಡಿ ಒಳಗೆ ಹೋಗುವುದರಿಂದ ಗಾಳಿ ನಿಲ್ಲುವುದಿಲ್ಲ. ಟ್ಯೂಬ್ ಬೇಕೇ ಬೇಕು. ಟ್ಯೂಬ್‌ಲೆಸ್ ಕಾಲದಲ್ಲಿ ಹುಟ್ಟಿದ ಟೈರ್ ಅಂಗಡಿಯ ಹುಡುಗರಿಗೆ ಇದನ್ನು ವಿವರಿಸುವುದೆಂದರೆ ಮೊಮ್ಮಕ್ಕಳಿಗೆ ಟ್ರಂಕ್ ಕಾಲ್ ಎಂದರೇನೆಂದು ಹೇಳಿದ ಹಾಗೆ.

ಜಾರಿದ ಮಾರನೆಯ ದಿನವೇ ಹಾಸನದ ಬಿ.ಎಂ. ರಸ್ತೆಯ ಟೈರ್ ಅಂಗಡಿಯೊಂದಕ್ಕೆ ಹೋದೆ. ಹುಡುಗ ಗಾಳಿ ಗನ್ನು ಹಿಡಿದುಕೊಂಡು ಓಡಿ ಬಂದ, ಚಕ್ರದ ನಡುವಿನ ಬಿರಡೆ ನೋಡಿದ, ಗನ್ನನ್ನೊಮ್ಮೆ ನೋಡಿಕೊಂಡ, ಒಳಗೆ ಹೋದ. ಮಾಲೀಕರು ಬಂದರು. ಈಗಿರುವ ಟೈರಿನ ಮೇಲೆ ಬರೆದಿದ್ದ 165/80 ಆರ್ 14 ಓದಿ ನಕ್ಕರು. (ಮೊದಲನೆಯದು ಮಿಲಿಮೀಟರಿನಲ್ಲಿ ಟೈರಿನ ಅಗಲ, ಎರಡನೆಯದು ಆ ಅಗಲದ ನೂರಕ್ಕೆ ಎಷ್ಟು ಪಾಲು ಟೈರಿನ ಗೋಡೆಯ ಎತ್ತರ ಎಂಬುದು, ಕೊನೆಯದು ಅಂಗುಲದಲ್ಲಿ ಚಕ್ರದ ವ್ಯಾಸ.) "ಇದು ಡಿಜೈರ್ ಟ್ಯಾಕ್ಸಿಯ ಸೈಜ್ ಸಾರ್. ಇಂತಹ ಗಾಡಿಗೆ ಇದನ್ನು ಹಾಕುವುದೇ? 195/60 ಹಾಕೋಣ, ಗಾಡಿ ಕೂರುವ ಗತ್ತೇ ಬದಲಾಗುತ್ತದೆ." ಆ ಟ್ಯಾಕ್ಸಿ ಎಂಬ ಮಾತು ಎಲ್ಲಿಗೆ ತಾಗಬೇಕೋ ಅಲ್ಲಿಗೆ ತಾಗಿತು. ಸತ್ಯವನ್ನೇ ಹೇಳಿದ್ದರು. ಸ್ವಿಫ್ಟ್ ಮತ್ತು ಡಿಜೈರ್‌ಗಳ ಸಾಧಾರಣ ಮಾದರಿಗಳಿಗೆ ವರ್ಷಗಟ್ಟಲೆ ಬಂದ ಅಳತೆ ಅದೇ. ಎಂಜಿಬಿ ಜಿಟಿಯ ಹಳೆಯ ಕೈಪಿಡಿಯಲ್ಲಿ ಇರುವುದೂ ಅದೇ 165. ಈ ಕಾರನ್ನು ತಯಾರಿಸಿದ ಇಂಗ್ಲೆಂಡಿನ ಅಬಿಂಗ್ಡನ್ ಕಾರ್ಖಾನೆಯವರು ಅರುವತ್ತರ ದಶಕದಲ್ಲಿ ಆರಿಸಿದ ಅಳತೆ ಹಾಸನದ ಬಸ್ ನಿಲ್ದಾಣದ ಮುಂದೆ ಸಾಲಾಗಿ ನಿಂತಿರುತ್ತದೆ ಎಂಬುದು ಈಗ ನನಗೆ ತಮಾಷೆಯಾಗಿ ಕಾಣುತ್ತದೆ. ಅಂದು ಅವಮಾನವಾಗಿ ಕಂಡಿತ್ತು.

ಮನೆಗೆ ಬಂದು ಕಾಗದದ ಮೇಲೆ ಲೆಕ್ಕ ಹಾಕಿದೆ. 165/80 ಟೈರಿನ ಒಟ್ಟು ವ್ಯಾಸ 620 ಮಿ.ಮೀ. ಅಂಗಡಿಯವರ 195/60ರದು 590. ಅಂದರೆ ಕಾರು 15 ಮಿ.ಮೀ. ಕೆಳಗಿಳಿಯುತ್ತದೆ, ಸ್ಪೀಡೋಮೀಟರ್ ನೂರಕ್ಕೆ ಐದರಷ್ಟು ಸುಳ್ಳು ಹೇಳತೊಡಗುತ್ತದೆ, ತೋಟದ ದಾರಿಯ ನಡುದಿಬ್ಬ ಈಗಾಗಲೇ ಸವರುವ ಸೈಲೆನ್ಸರ್ ಇನ್ನಷ್ಟು ಸವೆಯುತ್ತದೆ. ಮೇಲಾಗಿ ನಾಲ್ಕೂವರೆ ಅಂಗುಲದ ರಿಮ್ಮಿಗೆ ಅಷ್ಟು ಅಗಲದ ಟೈರ್ ಕೂರಿಸಿದರೆ ಅಂಚುಗಳು ಒಳಕ್ಕೆ ಸೆಳೆದುಕೊಂಡು, ಟೈರ್ ಕಡುಬಿನ ಹಾಗೆ ಉಬ್ಬಿ, ನೆಲಕ್ಕೆ ತಾಗುವ ಭಾಗ ಸಮವಾಗಿರದೆ ಹೋಗುತ್ತದೆ. ಅದನ್ನು ಕೈಬಿಟ್ಟೆ. ಉಳಿದದ್ದು 185/70. ಅದರ ವ್ಯಾಸ 615 ಮಿ.ಮೀ., ಐದೇ ಮಿಲಿಮೀಟರ್ ವ್ಯತ್ಯಾಸ. ರಿಮ್ಮಿನ ಅಗಲ ಆ ಟೈರಿಗೆ ಸಲ್ಲುವ ಕೆಳಗಿನ ಅಂಚಿನಲ್ಲಿದೆ, ಆದರೆ ಸಲ್ಲುತ್ತದೆ. 165ರಿಂದ 185ಕ್ಕೆ, ಬರಿಯ ಇಪ್ಪತ್ತು ಮಿಲಿಮೀಟರ್. ಇದರಲ್ಲಿ ದುರಾಸೆ ಏನಿದೆ?

ಹೊಸ ಟೈರನ್ನೇ ತಂದುಬಿಡುತ್ತಿದ್ದೆ. ದೊಡ್ಡಮ್ಮ ಅಡ್ಡ ಬಂದರು. ಆಗ ಅಧಿಕ ಶ್ರಾವಣ. "ಅಧಿಕ ಮಾಸದಲ್ಲಿ ಹೊಸ ವಸ್ತು ತರುವುದಿಲ್ಲ, ಹಳೆಯದು ಯಾರ ಬಳಿಯಾದರೂ ಇದ್ದರೆ ಹಾಕಿಕೊ" ಎಂದರು. ಅವರ ಪಂಚಾಂಗ ನನಗೆ ಎಷ್ಟು ಸಾವಿರ ಉಳಿಸಿತು ಎಂಬುದು ಆಗ ಗೊತ್ತಾಗಲಿಲ್ಲ.

ಹಿಂದಿನ ಬೆಂಚಿನ ಪ್ರಶ್ನೆ

ನಾನು ಪದವಿಪೂರ್ವ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಪ್ರಥಮ ಪಿಯುಸಿಯಲ್ಲಿ ಚಲನೆಯ ನಿಯಮಗಳ ಪಾಠ ಬಂದಾಗ ಪ್ರತಿ ವರ್ಷ ಬೋರ್ಡಿನ ಮೇಲೆ ಬರೆಯುತ್ತೇನೆ: ಘರ್ಷಣೆಯ ಬಲ ಸಂಪರ್ಕದ ವಿಸ್ತೀರ್ಣವನ್ನು ಅವಲಂಬಿಸುವುದಿಲ್ಲ. ಫ್ರಾನ್ಸಿನ ಅಮೊಂಟನ್ಸ್ 1699ರಲ್ಲಿ ಹೇಳಿದ್ದು. ಇಟ್ಟಿಗೆಯನ್ನು ಅಗಲಕ್ಕೆ ಮಲಗಿಸಿ ಎಳೆದರೂ ಉದ್ದಕ್ಕೆ ನಿಲ್ಲಿಸಿ ಎಳೆದರೂ ಬೇಕಾಗುವ ಬಲ ಒಂದೇ. ಆ ವರ್ಷವೂ ಬರೆದೆ, ಜಾರಿದ ಕೆಲವೇ ದಿನಗಳಲ್ಲಿ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. ಸಾಮಾನ್ಯವಾಗಿ ಏನೂ ಕೇಳದವನು. "ಹಾಗಾದರೆ ರೇಸ್ ಕಾರುಗಳಿಗೆ ಅಷ್ಟು ಅಗಲದ ಟೈರ್ ಯಾಕೆ ಹಾಕುತ್ತಾರೆ ಸಾರ್?" ಎಂದ. ತರಗತಿ ನನ್ನ ಕಡೆ ನೋಡಿತು. "ಅದು ನಿಮ್ಮ ಪಠ್ಯದಲ್ಲಿ ಇಲ್ಲ, ಕೂತುಕೊ" ಎಂದೆ. ಇಪ್ಪತ್ತೆರಡು ವರ್ಷ ಪಾಠ ಮಾಡಿದವನು ಕೊಡಬಾರದ ಉತ್ತರ ಅದು. ಅದಕ್ಕಿಂತ ಹೆಚ್ಚು ನಾಚಿಕೆಯಾದದ್ದು, ಅದೇ ಸಂಜೆ ಅಗಲದ ಟೈರ್ ತರಲು ಹೊರಟಿದ್ದವನು ನಾನೇ ಎಂಬುದಕ್ಕೆ.

ಹುಡುಗನ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಉತ್ತರ ಎರಡು ಹಂತದಲ್ಲಿದೆ. ಮೊದಲನೆಯದು, ಟೈರ್ ಅಗಲವಾದ ಮಾತ್ರಕ್ಕೆ ನೆಲಕ್ಕೆ ತಾಗುವ ಜಾಗ ಅಷ್ಟೇನೂ ಹೆಚ್ಚುವುದಿಲ್ಲ. ಕಾರಿನ ಭಾರವನ್ನು ಹೊರುವುದು ಬಹುಮಟ್ಟಿಗೆ ಒಳಗಿನ ಗಾಳಿ. ನನ್ನ ಕಾರು ಸುಮಾರು 1,100 ಕಿಲೋ. ನಾಲ್ಕಕ್ಕೆ ಹಂಚಿದರೆ ಒಂದು ಚಕ್ರಕ್ಕೆ 275. ಗಾಳಿಯ ಒತ್ತಡ 24 ಪಿಎಸ್‌ಐ, ಅಂದರೆ ಚದರ ಸೆಂಟಿಮೀಟರಿಗೆ 1.7 ಕಿಲೋ. ಭಾಗಿಸಿದರೆ ಸುಮಾರು 160 ಚದರ ಸೆಂಟಿಮೀಟರ್: ಬೆರಳು ಜೋಡಿಸಿ ಚಾಚಿದ ನನ್ನ ಅಂಗೈಯಷ್ಟು. ಟೈರಿನ ಗೋಡೆಯ ಗಡಸುತನ ಈ ಲೆಕ್ಕವನ್ನು ಸ್ವಲ್ಪ ಕೆಡಿಸುತ್ತದೆ, ಆದರೆ ಸ್ವಲ್ಪ ಮಾತ್ರ. ಅಗಲದ ಟೈರಿನಲ್ಲಿ ಈ ಅಂಗೈ ಅಡ್ಡಡ್ಡಲಾಗಿ ಹರಡುತ್ತದೆ, ಕಿರಿದಾದ ಟೈರಿನಲ್ಲಿ ಉದ್ದುದ್ದಕ್ಕೆ. ಅಂಗೈ ಅದೇ.

ಎರಡನೆಯದು ಇನ್ನೂ ಸ್ವಾರಸ್ಯದ್ದು. ಅಮೊಂಟನ್ಸ್‌ನ ನಿಯಮ ಇಟ್ಟಿಗೆಗೆ ಸಲ್ಲುತ್ತದೆ, ರಬ್ಬರಿಗೆ ಪೂರ್ತಿಯಾಗಿ ಸಲ್ಲುವುದಿಲ್ಲ. ರಬ್ಬರ್ ಡಾಂಬರಿನ ಸಣ್ಣ ಸಣ್ಣ ಕಲ್ಲುಗಳ ನಡುವೆ ಇಳಿದು ಅವುಗಳನ್ನು ಅಪ್ಪಿಕೊಳ್ಳುತ್ತದೆ. ಹೆಚ್ಚು ಒತ್ತಿದ ಮಾತ್ರಕ್ಕೆ ಅಷ್ಟೇ ಪ್ರಮಾಣದಲ್ಲಿ ಹೆಚ್ಚು ಅಪ್ಪುವುದಿಲ್ಲ. ಹಾಗಾಗಿ ಭಾರವನ್ನು ಹರಡಿದರೆ ಲಾಭವಿದೆ. ಫಾರ್ಮುಲಾ ಒನ್‌ನಲ್ಲಿ 2017ರಲ್ಲಿ ಹಿಂದಿನ ಟೈರುಗಳನ್ನು 405 ಮಿ.ಮೀ.ಗೆ ಹಿಗ್ಗಿಸಿದ್ದು ಸುಮ್ಮನೆ ಅಲ್ಲ. ಆದರೆ ಅಲ್ಲಿನ ದೊಡ್ಡ ಲಾಭ ಬೇರೆಯದು: ಅಗಲವಿದ್ದರೆ ಬಿಸಿ ಹಂಚಿಹೋಗುತ್ತದೆ, ಆದ್ದರಿಂದ ಮೆತ್ತನೆಯ ರಬ್ಬರ್ ಬಳಸಬಹುದು, ಆ ಮೆತ್ತನೆಯ ರಬ್ಬರೇ ಹಿಡಿಯುವುದು. ಮೂಡಿಗೆರೆಯ ಮಳೆಯಲ್ಲಿ 35 ಕಿಲೋಮೀಟರ್ ವೇಗದಲ್ಲಿ ಹೋಗುವವನ ಟೈರ್ ಬಿಸಿಯಾಗುವ ಪ್ರಶ್ನೆಯೇ ಇಲ್ಲ.

ಮಳೆಗೆ ಇನ್ನೊಂದು ಲೆಕ್ಕವಿದೆ. ನೀರಿನಲ್ಲಿ ಟೈರಿನ ಮುಂಭಾಗ ನೀರನ್ನು ಸರಿಸುತ್ತದೆ, ಹಿಂಭಾಗ ನೆಲವನ್ನು ಹಿಡಿಯುತ್ತದೆ. ಅಂಗೈ ಉದ್ದಕ್ಕಿದ್ದರೆ ಹಿಡಿಯುವುದಕ್ಕೆ ಜಾಗ ಉಳಿಯುತ್ತದೆ. ಅಡ್ಡಕ್ಕಿದ್ದರೆ ಸರಿಸಬೇಕಾದ ನೀರೂ ಹೆಚ್ಚು, ಸಮಯವೂ ಕಡಿಮೆ. 1960ರ ದಶಕದಲ್ಲಿ ನಾಸಾದವರು ವಿಮಾನದ ಚಕ್ರಗಳು ರನ್‌ವೇ ನೀರಿನ ಮೇಲೆ ತೇಲುವುದನ್ನು ಪರೀಕ್ಷಿಸಿ ಒಂದು ಸರಳ ಸೂತ್ರ ಕೊಟ್ಟರು: ಗಾಳಿಯ ಒತ್ತಡದ ವರ್ಗಮೂಲವನ್ನು 10.35ರಿಂದ ಗುಣಿಸಿದರೆ ತೇಲುವ ವೇಗ ಮೈಲಿಗಳಲ್ಲಿ ಸಿಗುತ್ತದೆ. ನನ್ನ 24 ಪಿಎಸ್‌ಐಗೆ ಅದು ಸುಮಾರು 51 ಮೈಲಿ, ಗಂಟೆಗೆ 82 ಕಿಲೋಮೀಟರ್. ಘಾಟಿಯಲ್ಲಿ ಇದರಿಂದ ಭಯವಿಲ್ಲ. ಚನ್ನರಾಯಪಟ್ಟಣ ದಾಟಿ ಬೆಂಗಳೂರಿನ ಕಡೆ ಹೋಗುವ ನಾಲ್ಕು ಪಥದ ರಸ್ತೆಯಲ್ಲಿ, ಜೋರು ಮಳೆಯಲ್ಲಿ, ಇದೆ. ಅಂದಿನಿಂದ ಆ ರಸ್ತೆಯಲ್ಲಿ ಮಳೆ ಹಿಡಿದರೆ ಲಾರಿಗಳ ಹಿಂದೆಯೇ ಹೋಗುತ್ತೇನೆ.

ದೊಡ್ಡಪ್ಪನ ಜೀಪ್ ಚಾಲಕರಿಗೆ ಈ ಲೆಕ್ಕ ಯಾವುದೂ ಗೊತ್ತಿರಲಿಲ್ಲ. ಹಳೆಯ ಜೀಪಿಗೆ 6.00-16ರ ತೆಳ್ಳನೆಯ, ದೊಡ್ಡ ಹಲ್ಲಿನ ಟೈರ್. ಮಳೆಗಾಲದಲ್ಲಿ ತೋಟದ ಏರಿನಲ್ಲಿ ಅದು ಕೆಸರನ್ನು ಸೀಳಿಕೊಂಡು ಕೆಳಗಿನ ಗಟ್ಟಿ ನೆಲ ಮುಟ್ಟಿ ಹತ್ತುತ್ತಿತ್ತು. ಯಾರೋ ಅಗಲದ ಟೈರ್ ಹಾಕಿಸಿಕೊಂಡು ಬಂದಾಗ ಅವರು ಹೇಳುತ್ತಿದ್ದದ್ದು: ಕೆಸರಿಗೆ ಕತ್ತಿ ಬೇಕು, ಮಣೆ ತಂದು ಏನು ಮಾಡುತ್ತೀರಿ? ಬಾಲ್ಯದಲ್ಲಿ ಕೇಳಿದ ಮಾತು. ಬೇಕಾದಾಗ ನೆನಪಿಗೆ ಬರಲಿಲ್ಲ.

ಇಷ್ಟೆಲ್ಲ ಓದಿ, ಲೆಕ್ಕ ಹಾಕಿ, ಅಗಲದಿಂದ ನನಗೆ ಪ್ರಯೋಜನವಿಲ್ಲ ಎಂದು ಮನದಟ್ಟಾದ ಮೇಲೆ ನಾನು ಏನು ಮಾಡಿದೆ? ಸಹೋದ್ಯೋಗಿಯೊಬ್ಬರ ಮನೆಗೆ ಹೋಗಿ 185/70 ಟೈರ್ ಎರಡು ಕೇಳಿ ತಂದೆ.

ಪ್ರಯೋಗ ಕೆಟ್ಟದ್ದು ಹೇಗೆ

ಅವರದು ಹಳೆಯ ಸ್ವಿಫ್ಟ್‌ನ ದುಬಾರಿ ಮಾದರಿ. ಬೇರೆ ಚಕ್ರ ಹಾಕಿಸಿದ ಮೇಲೆ ಹಳೆಯ ಟೈರುಗಳು ಅಟ್ಟದ ಮೇಲಿದ್ದವು. ಮೂರು ವರ್ಷದವು, ಅರ್ಧ ಸವೆದವು. ಟ್ಯೂಬ್‌ಲೆಸ್ ಟೈರಿಗೆ ಟ್ಯೂಬ್ ಹಾಕಲು ಅಂಗಡಿಯವರು ಒಪ್ಪಲಿಲ್ಲ. ಕೊನೆಗೆ ಒಪ್ಪಿದ್ದು ಅಲ್ಲಿನ ಮೂಲೆಯಲ್ಲಿ ಲಾರಿ ಟ್ಯೂಬುಗಳಿಗೆ ಪ್ಯಾಚ್ ಹಾಕುತ್ತ ಕೂತಿರುತ್ತಿದ್ದ ವಯಸ್ಸಾದ ಕೆಲಸಗಾರರು. ಅವರು ಟೈರಿನ ಒಳಗೆಲ್ಲ ಕೈಯಾಡಿಸಿ, ಅಂಟಿಕೊಂಡಿದ್ದ ಕಾಗದದ ಚೀಟಿಯೊಂದನ್ನು ಕಿತ್ತು ತೆಗೆದರು. ಅದು ಉಳಿದರೆ ಉಜ್ಜಿ ಉಜ್ಜಿ ಟ್ಯೂಬನ್ನು ತೂತು ಮಾಡುತ್ತದಂತೆ. ಕಡ್ಡಿಗಳ ಬುಡದ ಮೇಲೆ ಹೊಸ ಪಟ್ಟಿ ಸುತ್ತಿ, ಟಾಲ್ಕಂ ಪೌಡರ್ ಉದುರಿಸಿ, ಮಗುವಿಗೆ ಅಂಗಿ ತೊಡಿಸಿದ ಹಾಗೆ ಕೂರಿಸಿದರು. ಚಕ್ರದ ಸಮತೋಲನ ನೋಡುವ ಯಂತ್ರಕ್ಕೆ ನನ್ನ ಚಕ್ರದ ನಡುತೂತು ಹೊಂದಲಿಲ್ಲ, ಅದನ್ನು ಬಿಟ್ಟೆವು. ಗಾಳಿ ಹಿಡಿಯುವ ಹುಡುಗ ಅಭ್ಯಾಸಬಲದಿಂದ 35 ಪಿಎಸ್‌ಐ ತುಂಬಿಸಿದ. ಮನೆಗೆ ಬಂದು ಇಳಿಸಿದೆ.

ಹಿಂದೆ 185, ಮುಂದೆ ಹಳೆಯ 165. ಅಂದದ ಮಾತು ಹೇಳಬೇಕೆಂದರೆ, ಕಾರು ಹಿಂದಿನಿಂದ ನೋಡಲು ಬೇರೆಯೇ ಆಯಿತು. ಕಚ್ಚೆ ಬಿಗಿದ ಪೈಲ್ವಾನನ ಹಾಗೆ. ಸಂಜೆ ಕಾಂಪೌಂಡಿನಲ್ಲಿ ಕುರ್ಚಿ ಹಾಕಿಕೊಂಡು ಅದರ ಹಿಂಭಾಗವನ್ನು ನೋಡುತ್ತ ಕಾಫಿ ಕುಡಿದೆ ಎಂದು ಒಪ್ಪಿಕೊಳ್ಳುವುದಕ್ಕೆ ಸಂಕೋಚವಿಲ್ಲ. ತೊಂಬತ್ತರ ದಶಕದಲ್ಲಿ ಇದೇ ಹಾಸನದ ಹುಡುಗರು ಮಾರುತಿ 800ರ 145/70 ಟೈರ್ ಕಿತ್ತು ಹಾಕಿ, ಮಡ್‌ಗಾರ್ಡಿನ ಹೊರಗೆ ಚಾಚಿದ ಚಕ್ರಗಳನ್ನು ಹಾಕಿಸಿಕೊಂಡು ತಿರುಗುವಾಗ ನಾನು ಬಹಳ ನಕ್ಕಿದ್ದೆ.

ಅದೇ ವಾರಾಂತ್ಯ ಮಳೆಯಲ್ಲಿ ಅದೇ ತಿರುವಿಗೆ ಹೋದೆ. ಮಣ್ಣು ಅಲ್ಲಿಯೇ ಇತ್ತು, ಎಲೆಗಳೂ ಇದ್ದವು. 25 ಕಿಲೋಮೀಟರ್ ವೇಗದಲ್ಲಿ ಹೋದೆ, 30ರಲ್ಲಿ ಹೋದೆ, 35ರಲ್ಲಿ ಹೋದೆ. ಕಾರಿನ ಬಾಲ ಹಳಿಯ ಮೇಲೆ ಹೋದ ಹಾಗೆ ಹೋಯಿತು. ಈಗ ಜಾರತೊಡಗಿದ್ದು ಹಿಂಭಾಗವಲ್ಲ, ಹಳೆಯ ಟೈರಿದ್ದ ಮುಂಭಾಗ. ಸ್ಟೀರಿಂಗ್ ತಿರುಗಿಸಿದಷ್ಟು ಕಾರು ತಿರುಗುತ್ತಿರಲಿಲ್ಲ. ಅದು ನನಗೆ ಇನ್ನೊಂದು ಪುರಾವೆಯಾಗಿ ಕಂಡಿತು: ನೋಡಿ, ಕಿರಿದಾದ ಟೈರು ಇರುವ ಕಡೆ ಜಾರುತ್ತದೆ, ಅಗಲವಿರುವ ಕಡೆ ಇಲ್ಲ. ಕಾಗದದ ಮೇಲಿನ ಲೆಕ್ಕಕ್ಕಿಂತ ರಸ್ತೆ ದೊಡ್ಡದು ಎಂದುಕೊಂಡೆ. ಮುಂದಿನ ವಾರ ತರಗತಿಯಲ್ಲಿ ಆ ಹುಡುಗನನ್ನು ಎಬ್ಬಿಸಿ, ಅಗಲದ ಟೈರ್ ಚೆನ್ನಾಗಿ ಹಿಡಿಯುತ್ತದೆ, ನಾನೇ ಪರೀಕ್ಷಿಸಿದ್ದೇನೆ ಎಂದು ಹೇಳಿಯೂ ಬಿಟ್ಟೆ. ಅವನು ತೃಪ್ತಿಯಿಂದ ಕೂತ. ನಾಲ್ಕು ಟೈರ್ ಕೊಳ್ಳಲು ಹಣ ತೆಗೆದಿಟ್ಟೆ. ಆಮೇಲೆ ಆ ಆಗಸ್ಟ್‌ನಲ್ಲಿ ಮಳೆಯೇ ಕೈಕೊಟ್ಟಿತು, ಅವಸರ ತಣ್ಣಗಾಯಿತು, ಕಾರು ಶೆಡ್ಡಿನಲ್ಲಿ ನಿಂತಿತು.

ಕರ್ರ್ ಎಂಬ ಸದ್ದು

ಜನವರಿಯಲ್ಲಿ ಕೊಯ್ಲಿನ ಹೊತ್ತು. ದೊಡ್ಡಮ್ಮ ಒಣಗಿಸಿದ ಕಾಫಿಯ ಎರಡು ಚೀಲವನ್ನು ಸಿಪ್ಪೆ ಬಿಡಿಸುವ ಕ್ಯೂರಿಂಗ್ ಕಾರ್ಖಾನೆಗೆ ತಲುಪಿಸಬೇಕೆಂದರು. ಜೀಪ್ ಇರಲಿಲ್ಲ. ದೊಡ್ಡಪ್ಪನ ಪರಂಪರೆ ಮುಂದುವರಿಸೋಣ ಎಂದು ಹಿಂಬಾಗಿಲು ಎತ್ತಿ ಎರಡೂ ಚೀಲ ಹಾಕಿದೆ, ತಲಾ 50 ಕಿಲೋ. ತೋಟದ ಗೇಟು ದಾಟಿ ಮೋರಿಯ ಉಬ್ಬು ಹತ್ತಿಳಿದದ್ದೇ ತಡ, ಎಡಗಡೆ ಹಿಂದಿನಿಂದ ಕರ್ರ್ ಎಂದಿತು. ನಿಲ್ಲಿಸಿದೆ. ಏನೂ ಕಾಣಲಿಲ್ಲ. ಮತ್ತೆ ಹೊರಟೆ, ಮುಂದಿನ ಗುಂಡಿಗೆ ಮತ್ತೆ ಕರ್ರ್. ಮೂರನೆಯ ಬಾರಿಗೆ ಸುಟ್ಟ ರಬ್ಬರಿನ ವಾಸನೆಯೂ ಬಂತು. ಮಡ್‌ಗಾರ್ಡಿನ ಒಳಮಡಿಕೆ ಟೈರಿನ ಹೊರಗೋಡೆಯನ್ನು ತುರಿಯುತ್ತಿತ್ತು. ತೆಂಗಿನಕಾಯಿ ತುರಿದ ಹಾಗೆ ಕಪ್ಪು ಪುಡಿ ಮಡಿಕೆಯ ಮೇಲೆ ಕೂತಿತ್ತು. ಬಲಗಡೆ ನೋಡಿದೆ, ಅಲ್ಲಿ ಬೆರಳು ತೂರಿಸುವಷ್ಟು ಜಾಗವಿದೆ.

ಎಂಜಿಬಿ ಇಟ್ಟುಕೊಂಡವರಿಗೆಲ್ಲ ಗೊತ್ತಿರುವ ಸಂಗತಿಯಂತೆ ಇದು. ಹಿಂದಿನ ಆಕ್ಸಲ್ ಮತ್ತು ಬಾಡಿಯ ನಡುವಿನ ಅಂತರ ಎಡ ಬಲ ಒಂದೇ ಸಮ ಇರುವುದಿಲ್ಲ, ಎಡಗಡೆ ಕಡಿಮೆ. 165ಕ್ಕೆ ಅದು ಸಾಕಾಗುತ್ತದೆ. 185 ಹಾಕಿದರೆ ಒಬ್ಬನೇ ಹೋಗುವಾಗ ನಡೆಯುತ್ತದೆ. ಹಿಂದೆ ಭಾರ ಬಿದ್ದು ಪಟ್ಟಿ ಸ್ಪ್ರಿಂಗು ಕುಗ್ಗಿದಾಗ ಮಡ್‌ಗಾರ್ಡ್ ಟೈರಿಗೆ ಮುತ್ತು ಕೊಡುತ್ತದೆ. ಇಪ್ಪತ್ತು ಮಿಲಿಮೀಟರಿನಲ್ಲಿ ಹೊರಗಡೆಗೆ ಬಂದದ್ದು ಹತ್ತೇ. ಅಷ್ಟೇ ಸಾಕಾಯಿತು. ಮಡಿಕೆಯನ್ನು ಬಡಿದು ಚಪ್ಪಟೆ ಮಾಡಿಸುವವರಿದ್ದಾರೆ. ಅರ್ಧ ಶತಮಾನದ ತಗಡು, ಬಡಿದರೆ ಬಣ್ಣದ ಜೊತೆ ಇನ್ನೇನೇನು ಉದುರುತ್ತದೋ. ನನಗೆ ಧೈರ್ಯ ಬರಲಿಲ್ಲ.

ಚಕ್ರ ಬಿಚ್ಚಿಸಲು ಮತ್ತೆ ಆ ಹಿರಿಯ ಕೆಲಸಗಾರರ ಬಳಿ ಹೋದೆ. ಹಳೆಯ 165 ಟೈರುಗಳನ್ನೂ ಒಯ್ದಿದ್ದೆ. ತಾತ್ಕಾಲಿಕವಾಗಿ ಅವನ್ನೇ ಹಾಕಿಕೊಡಿ ಎಂದೆ. ಹಲ್ಲು ಇನ್ನೂ ಚೆನ್ನಾಗಿಯೇ ಇತ್ತು. ಕಾನೂನು ಕೇಳುವುದು 1.6 ಮಿ.ಮೀ. ಆಳ, ಇವು ಐದಾರು ಮಿ.ಮೀ. ಇದ್ದವು. ವರ್ಷಕ್ಕೆ ಸಾವಿರದೈನೂರು ಕಿಲೋಮೀಟರ್ ಓಡುವ ಕಾರಿನ ಟೈರ್ ಸವೆಯುವುದಾದರೂ ಯಾವಾಗ? ಅವರು ಹಲ್ಲನ್ನು ನೋಡಲೇ ಇಲ್ಲ. ಟೈರನ್ನು ಉರುಳಿಸಿ, ಗೋಡೆಯ ಮೇಲೆ ಸಣ್ಣ ಅಂಡಾಕಾರದ ಚೌಕಟ್ಟಿನಲ್ಲಿದ್ದ ನಾಲ್ಕು ಅಂಕಿಗಳ ಮೇಲೆ ಬೆರಳಿಟ್ಟರು: 2309. 2009ನೆಯ ಇಸವಿಯ 23ನೆಯ ವಾರ. ಆಮೇಲೆ ಹೆಬ್ಬೆರಳಿನ ಉಗುರನ್ನು ಹಲ್ಲಿನ ಮೇಲೆ ಊರಿದರು. ಗುರುತು ಬೀಳಲಿಲ್ಲ. ಪಕ್ಕದಲ್ಲಿದ್ದ ಸ್ವಿಫ್ಟಿನ ಅರ್ಧ ಸವೆದ ಟೈರಿಗೆ ಊರಿದರು. ಅರ್ಧಚಂದ್ರ ಮೂಡಿ, ನಿಧಾನವಾಗಿ ಮಾಯವಾಯಿತು. "ಇದು ಟೈರ್ ಅಲ್ಲ ಸಾರ್, ಸ್ಲೇಟು" ಎಂದರು. "ಇದರ ಮೇಲೆ ಬಳಪದಲ್ಲಿ ಬರೆಯಬಹುದು."

ಬಿ.ಎಂ. ರಸ್ತೆಯ ಆ ಧೂಳಿನಲ್ಲಿ ನಿಂತು ನನಗೆ ಆದ ಮುಖಭಂಗವನ್ನು ಭೌತಶಾಸ್ತ್ರದ ಮೇಷ್ಟ್ರುಗಳು ಮಾತ್ರ ಅರ್ಥಮಾಡಿಕೊಳ್ಳಬಲ್ಲರು. ಪ್ರಯೋಗಾಲಯದ ಮೊದಲ ದಿನ ಹುಡುಗರಿಗೆ ಹೇಳುವುದೇನು? ಲೋಲಕದ ಉದ್ದ ಬದಲಿಸುವಾಗ ಗುಂಡನ್ನು ಬದಲಿಸಬೇಡಿ; ಒಂದು ಬಾರಿಗೆ ಒಂದೇ ಚರ. ನಾನು ಟೈರಿನ ಅಗಲವನ್ನೂ ವಯಸ್ಸನ್ನೂ ಒಟ್ಟಿಗೆ ಬದಲಿಸಿ, ಬಂದ ಫಲವನ್ನೆಲ್ಲ ಅಗಲದ ಖಾತೆಗೆ ಜಮೆ ಮಾಡಿದ್ದೆ. ಮುಂದಿನ ಚಕ್ರ ಜಾರಿದ್ದು ಕಿರಿದೆಂದಲ್ಲ, ಅದೂ 2309 ಎಂದು. ರಬ್ಬರಿನೊಳಗಿನ ಎಣ್ಣೆ ವರ್ಷಗಳಲ್ಲಿ ಆರಿಹೋಗುತ್ತದೆ, ಗಾಳಿಯ ಆಮ್ಲಜನಕ ಅದನ್ನು ಒಳಗಿನಿಂದ ಗಡಸಾಗಿಸುತ್ತದೆ, ಓಝೋನ್ ಗೋಡೆಯಲ್ಲಿ ಕೂದಲಿನಂತಹ ಬಿರುಕು ಬಿಡಿಸುತ್ತದೆ. ಓಡುತ್ತಿರುವ ಟೈರಿನಲ್ಲಿ ಮಡಿಚಿ ಬಿಚ್ಚಿ ರಕ್ಷಣೆಯ ಮೇಣ ಮೇಲಕ್ಕೆ ಬರುತ್ತಿರುತ್ತದೆ. ಶೆಡ್ಡಿನಲ್ಲಿ ನಿಂತ ಟೈರಿಗೆ ಆ ಭಾಗ್ಯವೂ ಇಲ್ಲ. ಟ್ಯಾಕ್ಸಿಯ ಟೈರಿಗೆ ಮುದುಕಾಗುವಷ್ಟು ಆಯಸ್ಸಿರುವುದಿಲ್ಲ, ಮೊದಲೇ ಸವೆದು ಹೋಗುತ್ತದೆ. ಹಳೆಯ ಕಾರಿನ ಟೈರ್ ಹೊಸದರಂತೆ ಕಾಣುತ್ತ ಸಾಯುತ್ತದೆ. ಬಸ್ಸಿನ ಚಾಲಕರೂ ನಾನೂ ಆ ಕಿಟಕಿಯ ಪ್ರಯಾಣಿಕರೂ ಕಣ್ಣಿಗೆ ಕಂಡದ್ದನ್ನು ಹಿಡಿದೆವು. ಅಗಲ ಕಣ್ಣಿಗೆ ಕಾಣುತ್ತದೆ. ಎಡ ಮಡ್‌ಗಾರ್ಡಿನಲ್ಲಿ ಇನ್ನೊಂದು ಹತ್ತು ಮಿಲಿಮೀಟರ್ ಜಾಗ ಇದ್ದಿದ್ದರೆ ನಾನು ನಾಲ್ಕು ಹೊಸ 185 ಹಾಕಿಸಿ, ಕಾರು ಚೆನ್ನಾಗಿ ಹಿಡಿಯುವುದನ್ನು ಕಂಡು, ಅಗಲವೇ ಪರಿಹಾರ ಎಂದು ಸಾಯುವವರೆಗೂ ನಂಬಿಕೊಂಡಿರುತ್ತಿದ್ದೆ.

ಹಳೆಯ ಕಾರುಗಳಿಗೆಂದೇ ಹಳೆಯ ವಿನ್ಯಾಸದ ಟೈರುಗಳನ್ನು ಪಿರೆಲ್ಲಿ, ಮಿಶೆಲಿನ್‌ನಂತಹವರು ಇಂದಿಗೂ ತಯಾರಿಸುತ್ತಾರೆ. ಆ ಹಲ್ಲಿನ ಚಿತ್ತಾರ ನೋಡಿದರೆ ಬಾಯಲ್ಲಿ ನೀರೂರುತ್ತದೆ. ಬೆಲೆ ಹಲವು ಪಟ್ಟು, ಜೊತೆಗೆ 2020ರ ಜೂನ್‌ನಲ್ಲಿ ಹೊರದೇಶದ ಹೊಸ ಟೈರುಗಳ ಆಮದನ್ನು ನಿರ್ಬಂಧಿತ ಪಟ್ಟಿಗೆ ಸೇರಿಸಿದ ಮೇಲೆ ನಾಲ್ಕು ಟೈರಿಗಾಗಿ ಪರವಾನಗಿಯ ಬೆನ್ನು ಹತ್ತುವ ಚೈತನ್ಯ ನನ್ನಂತಹವನಿಗಿಲ್ಲ. ಹಾಗೆ ತರಿಸಿದರೂ ಹಡಗಿನಲ್ಲಿ, ಗೋದಾಮಿನಲ್ಲಿ ಅದರ ವಯಸ್ಸು ಓಡುತ್ತಲೇ ಇರುತ್ತದೆ. ಈ ಲೆಕ್ಕದಲ್ಲಿ ಹಾಸನದಲ್ಲಿ ಎಲ್ಲಕ್ಕಿಂತ ತಾಜಾ ಟೈರ್ ಯಾವುದು? ದಿನಾ ಮಾರಾಟವಾಗುವುದು. ದಿನಾ ಮಾರಾಟವಾಗುವುದು ಟ್ಯಾಕ್ಸಿಯದು. ಅಂಗಡಿಯವರು ನಕ್ಕಿದ್ದ ಆ 165/80 ಆರ್ 14, ಆರು ವಾರದ ಹಿಂದೆ ತಯಾರಾದದ್ದು, ನಾಲ್ಕು ಸಾವಿರದ ಆಸುಪಾಸಿಗೆ ಒಂದು. ಮೇಲೆ 85ಟಿ ಎಂದಿತ್ತು: ಒಂದು ಟೈರ್ 515 ಕಿಲೋ ಹೊರಬಲ್ಲದು, ಗಂಟೆಗೆ 190 ಕಿಲೋಮೀಟರ್ ತಾಳಬಲ್ಲದು. ನನ್ನ ಕಾರು ತನ್ನ ಯೌವನದಲ್ಲಿಯೂ ಆ ವೇಗ ಕಂಡಿಲ್ಲ. ಐದು ಕೊಂಡೆ, ಸ್ಟೆಪ್ನಿಗೂ ಸೇರಿಸಿ. ಸ್ಟೆಪ್ನಿಯಲ್ಲಿದ್ದ ಟೈರಿನ ಅಂಕಿ ಇಲ್ಲಿ ಹೇಳಲು ನಾಚಿಕೆಯಾಗುತ್ತದೆ. ಅದರಲ್ಲಿ ಮೂರೇ ಅಂಕಿಗಳಿದ್ದವು, ಅಂದರೆ 2000ಕ್ಕೆ ಮುಂಚಿನದು.

2024ರ ಜುಲೈನಲ್ಲಿ ಮಳೆ ತನ್ನ ಹಳೆಯ ಬಾಕಿಯನ್ನೆಲ್ಲ ತೀರಿಸಿತು. ಅದೇ ತಿರುವಿಗೆ ಮೂರು ಬಾರಿ ಹೋಗಿ ಬಂದೆ, ಈ ಸಲ ಅಗಲ ಮೊದಲಿನದೇ, ಬದಲಾದದ್ದು ವಯಸ್ಸು ಮಾತ್ರ. ಕಾರು ಹಿಡಿದುಕೊಂಡಿತು. ಕೆಸರಿನ ಪದರ ಕಳೆದ ವರ್ಷದಷ್ಟೇ ಇತ್ತೇ, ನನ್ನ ಕೈಯೇ ಎಚ್ಚರವಾಗಿತ್ತೇ ಎಂದು ಕೇಳಿದರೆ ಉತ್ತರವಿಲ್ಲ. ಇದನ್ನು ಪ್ರಯೋಗ ಎಂದು ಜರ್ನಲ್‌ನಲ್ಲಿ ಬರೆದ ಹುಡುಗನಿಗೆ ನಾನು ಅಂಕ ಕೊಡುತ್ತಿರಲಿಲ್ಲ. ಆ ಹಿಂದಿನ ಬೆಂಚಿನವನು ಈಗ ದ್ವಿತೀಯ ಪಿಯುಸಿ. ಕಾರಿಡಾರಿನಲ್ಲಿ ನಿಲ್ಲಿಸಿ, ಹೋದ ವರ್ಷ ಟೈರಿನ ಬಗ್ಗೆ ಹೇಳಿದ್ದು ತಪ್ಪು ಎಂದೆ. ಯಾವ ಟೈರ್ ಸಾರ್ ಎಂದ.

ಹಿಂದಿನಿಂದ ನೋಡಿದರೆ ಕಾರು ಮತ್ತೆ ಮೊದಲಿನ ಹಾಗೆಯೇ, ತೆಳ್ಳನೆಯ ಕಾಲಿನ ಬಡಪಾಯಿ. ಸಂಜೆ ಕಾಫಿ ಕುಡಿಯುವಾಗ ಕುರ್ಚಿಯನ್ನು ಈಗ ಮುಂದಿನ ಕಡೆಗೆ ಹಾಕಿಕೊಳ್ಳುತ್ತೇನೆ.

ಮೊನ್ನೆ ಸಕಲೇಶಪುರದ ಬಸ್ ನಿಲ್ದಾಣದ ಬಳಿ ಹೋಟೆಲಿನ ಮುಂದೆ ನಿಲ್ಲಿಸಿದ್ದೆ. ಹೊರಗೆ ಬಂದಾಗ ಬಿಳಿಯ ಡಿಜೈರ್ ಒಂದರ ಚಾಲಕ ನನ್ನ ಕಾರಿನ ಹಿಂದಿನ ಚಕ್ರದ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದ. ಕಡ್ಡಿಗಳನ್ನು ನೋಡುತ್ತಿರಬಹುದು ಎಂದುಕೊಂಡೆ. ಅವನು ಟೈರಿನ ಗೋಡೆ ಓದುತ್ತಿದ್ದ. "ನನ್ನದೂ ಇದೇ ಸಾರ್, ಇದೇ ಕಂಪನಿ, ಇದೇ ಸೈಜ್" ಎಂದು ತನ್ನ ಕಾರಿನ ಕಡೆ ಕೈ ತೋರಿಸಿದ. "ನಿಮಗೆ ಎಷ್ಟು ಸಾವಿರ ಕಿಲೋಮೀಟರ್ ಬರುತ್ತದೆ?"

ಹತ್ತು ಬರಬಹುದು ಎಂದೆ. ಅವನು ಅಷ್ಟೇನಾ ಎಂಬಂತೆ ಕಾರನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, "ಅಲೈನ್‌ಮೆಂಟ್ ಮಾಡಿಸಿ ಸಾರ್" ಎಂದು ಹೇಳಿ ಹೋದ.